ಸಭೆಯ ಪಾಪದಲ್ಲಿ ಯಾರ ಪಾಲೆಷ್ಟು?

2009ರ ಫೆಬ್ರವರಿ 10ರಂದು ಬ್ರಿಟಿಷ್ ಸಂಸತ್ತಿನ ಖಜಾನೆ ಸಮಿತಿಯ ಎದುರು ನಾಲ್ವರು ಹಾಜರಾದರು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಅಧ್ಯಕ್ಷರಾಗಿದ್ದ ಟಾಮ್ ಮೆಕಿಲಪ್ ಮತ್ತು ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಫ್ರೆಡ್ ಗುಡ್ವಿನ್ ಒಂದು ಕಡೆಯವರು. ಎಚ್‌ಬಿಒಎಸ್ ಬ್ಯಾಂಕಿನ ಅದೇ ಹುದ್ದೆಗಳಲ್ಲಿದ್ದ ಡೆನಿಸ್ ಸ್ಟೀವನ್ಸನ್ ಮತ್ತು ಆಂಡಿ ಹಾರ್ನ್‌ಬಿ ಇನ್ನೊಂದು ಕಡೆಯವರು. ನಾಲ್ವರೂ ಆದದ್ದಕ್ಕೆ ಕ್ಷಮೆ ಕೋರಿದರು. ಅಷ್ಟರಲ್ಲಿ ಎಚ್‌ಬಿಒಎಸ್ ಮುಳುಗಿ ಲಾಯ್ಡ್ಸ್ ಬ್ಯಾಂಕಿನ ತೆಕ್ಕೆಗೆ ಬಿದ್ದಿತ್ತು. ರಾಯಲ್ ಬ್ಯಾಂಕು 2008ನೇ ಒಂದೇ ವರ್ಷದಲ್ಲಿ 2,410 ಕೋಟಿ ಪೌಂಡ್ ಕಳೆದುಕೊಂಡಿತ್ತು. ಅದನ್ನು ಉಳಿಸಲು ಬ್ರಿಟಿಷ್ ಸರ್ಕಾರ ಒಟ್ಟು 4,550 ಕೋಟಿ ಪೌಂಡ್ ಬಂಡವಾಳ ಹಾಕಬೇಕಾಯಿತು. ಆ ಕ್ಷಮೆಯಲ್ಲಿ ಒಂದು ಕೊರತೆಯಿತ್ತು. ಯಾರು ಯಾವ ತಪ್ಪನ್ನು ಮಾಡಿದರು ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷದ ನಂತರ ಸಂಸತ್ತಿನ ಇನ್ನೊಂದು ಆಯೋಗ ಇದನ್ನೇ ಬಿಡಿಸಿ ಹೇಳಿತು. ದೊಡ್ಡ ಬ್ಯಾಂಕುಗಳ ನೆತ್ತಿಯಲ್ಲಿ ಕುಳಿತವರು ತಮಗೆ ತಿಳಿದಿರಲಿಲ್ಲ ಎಂದೋ, ಎಲ್ಲರೂ ಸೇರಿ ಕೈಗೊಂಡ ತೀರ್ಮಾನ ಎಂದೋ ಹೇಳಿ ಹೊಣೆಯಿಂದ ಜಾರಿಕೊಂಡರು ಎಂಬುದು ಅದರ ನಿರ್ಣಯ. ಅರ್ಥಶಾಸ್ತ್ರಜ್ಞರು ಈ ಕುಸಿತದ ಕಾರಣಗಳನ್ನು ಸಾಕಷ್ಟು ವಿವರಿಸಿದ್ದಾರೆ. ನನಗೆ ಮುಖ್ಯವೆನಿಸುವ ಪ್ರಶ್ನೆ ಅದಕ್ಕಿಂತ ಹಳೆಯದು: ಸಾವಿರಾರು ಕೈಗಳು ಸೇರಿ ಒಂದು ಕೇಡು ಮಾಡಿದಾಗ ಆ ಪಾಪ ಯಾರದು?

ಬ್ಯಾಂಕಿನ ಅಪಾಯದ ಸ್ವರೂಪ ತಿಳಿಯದೆ ಈ ಪ್ರಶ್ನೆಯ ತೂಕ ತಿಳಿಯುವುದಿಲ್ಲ. ರಿಸ್ಕ್ ತೆಗೆದುಕೊಳ್ಳುವುದೇ ತಪ್ಪು ಎಂದು ಯಾರೂ ಹೇಳಲಾರರು. ಸಾಲ ಕೊಡುವವನು ನಾಳೆಯನ್ನು ನಂಬಿಯೇ ಕೊಡುತ್ತಾನೆ. ಆ ನಂಬಿಕೆ ಇಲ್ಲದಿದ್ದರೆ ಮನೆ ಏಳುವುದಿಲ್ಲ, ಕಾರ್ಖಾನೆ ನಡೆಯುವುದಿಲ್ಲ. ಬೆಟ್ಟ ಹತ್ತುವವನು ತನ್ನ ಪ್ರಾಣವನ್ನೇ ಪಣಕ್ಕಿಡುತ್ತಾನೆ, ಅದು ಅವನ ಆಯ್ಕೆ. ಬ್ಯಾಂಕರು ಪಣಕ್ಕಿಡುವುದು ಬಹುಪಾಲು ಪರರ ಹಣವನ್ನು. ಬ್ರಿಟನ್ನಿನ ನಾರ್ದರ್ನ್ ರಾಕ್ ಮನೆಯ ಬೆಲೆಯ ಶೇ. 125ರಷ್ಟು ಸಾಲ ಕೊಡುವ ಯೋಜನೆ ನಡೆಸುತ್ತಿತ್ತು. ಅದಕ್ಕೆ ಬೇಕಾದ ಹಣದ ದೊಡ್ಡ ಭಾಗವನ್ನು ಠೇವಣಿಯಿಂದಲ್ಲದೆ ಮಾರುಕಟ್ಟೆಯಿಂದ ಅಲ್ಪಾವಧಿಗೆ ಎತ್ತುತ್ತಿತ್ತು. 2007ರ ಬೇಸಿಗೆಯಲ್ಲಿ ಆ ಮಾರುಕಟ್ಟೆ ಬತ್ತಿತು. ಸೆಪ್ಟೆಂಬರ್‌ನಲ್ಲಿ ಠೇವಣಿದಾರರು ಶಾಖೆಗಳ ಮುಂದೆ ಸಾಲುಗಟ್ಟಿ ನಿಂತರು. ಆ ದೇಶ ಇಂಥ ದೃಶ್ಯವನ್ನು 1866ರ ಓವರೆಂಡ್ ಗರ್ನಿ ಪತನದ ಕಾಲದಿಂದ ಕಂಡಿರಲಿಲ್ಲ. ಸಾಲಿನಲ್ಲಿ ನಿಂತವರಲ್ಲಿ ಯಾರೂ ಆ ಅಪಾಯವನ್ನು ಆರಿಸಿಕೊಂಡವರಲ್ಲ. ಲಾಭ ಬಂದ ವರ್ಷಗಳಲ್ಲಿ ಬೋನಸ್ಸು ಒಬ್ಬರಿಗೆ. ನಷ್ಟದ ವರ್ಷದಲ್ಲಿ ಭಾರ ಬೇರೆಯವರಿಗೆ, ಕೊನೆಗೆ ಬ್ಯಾಂಕಿನ ಮೆಟ್ಟಿಲನ್ನೂ ಹತ್ತದ ತೆರಿಗೆದಾರನಿಗೆ. ಅಪಾಯ ತೆಗೆದುಕೊಳ್ಳುವವನೂ ಅದನ್ನು ಅನುಭವಿಸುವವನೂ ಬೇರೆಯಾದ ಕ್ಷಣದಿಂದ ಅಪಾಯ ಲೆಕ್ಕದ ವಿಷಯವಷ್ಟೇ ಆಗಿ ಉಳಿಯುವುದಿಲ್ಲ. ನಮ್ಮ ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಋಣದ ಬೆನ್ನಿಗೇ ನಿಕ್ಷೇಪವನ್ನು, ಅಂದರೆ ನಂಬಿ ಇಟ್ಟ ವಸ್ತುವನ್ನು, ತಂದದ್ದು ಸುಮ್ಮನೆ ಅಲ್ಲ. ಪರರ ವಸ್ತು ಕೈಯಲ್ಲಿದ್ದಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಅವರಿಗೆ ನ್ಯಾಯದ ಮೊದಲ ಪರೀಕ್ಷೆಗಳಲ್ಲಿ ಒಂದಾಗಿತ್ತು.

ಕುಸಿತದ ನಂತರ ಜಗತ್ತು ಕೊಟ್ಟ ಮೊದಲ ಉತ್ತರ ಬಂಡವಾಳದ್ದು. 2010ರ ಬಾಸೆಲ್ ಮೂರು ಒಪ್ಪಂದ ಬ್ಯಾಂಕುಗಳು ತಮ್ಮ ಸಾಲದ ಅಪಾಯಕ್ಕೆ ತಕ್ಕಂತೆ ಶೇ. 4.5ರಷ್ಟು ಷೇರು ಬಂಡವಾಳವನ್ನೂ ಅದರ ಮೇಲೆ ಶೇ. 2.5ರಷ್ಟು ರಕ್ಷಣಾ ನಿಧಿಯನ್ನೂ ಇಟ್ಟುಕೊಳ್ಳಬೇಕೆಂದಿತು. ಒಂದು ತಿಂಗಳ ಬಿಕ್ಕಟ್ಟನ್ನು ತಾಳುವಷ್ಟು ನಗದಿಗೆ ಸಮನಾದ ಆಸ್ತಿ ಇರಬೇಕೆಂದೂ ಹೇಳಿತು. ಇವು ಬೇಕಾದ ನಿಯಮಗಳೇ. ಗೋಡೆ ದಪ್ಪವಾದಷ್ಟೂ ಒಳಗಿದ್ದವರಿಗೆ ಕ್ಷೇಮ. ಒಳಗಿರುವವರು ಏನು ಮಾಡುತ್ತಿದ್ದಾರೆ ಎಂಬುದು ಮಾತ್ರ ಗೋಡೆಯಿಂದ ಗೊತ್ತಾಗುವುದಿಲ್ಲ. ಎರಡನೆಯ ಉತ್ತರ ಬಂದದ್ದು ಬ್ಯಾಂಕುಗಳ ಬಾಯಿಂದಲೇ. ಕಳೆದುಕೊಂಡ ಹೆಸರನ್ನು ಮತ್ತೆ ಗಳಿಸುತ್ತೇವೆ ಎಂದು ಅವು ಹೇಳತೊಡಗಿದವು. ಹೆಸರು ಕೆಡುವ ಅಪಾಯವನ್ನು ಅಳೆಯಲು ಅಧಿಕಾರಿಗಳು ನೇಮಕಗೊಂಡರು, ಆಡಳಿತ ಮಂಡಳಿಗಳಲ್ಲಿ ಅದಕ್ಕೊಂದು ಸಮಿತಿಯಾಯಿತು, ವಾರ್ಷಿಕ ವರದಿಗಳಲ್ಲಿ ಅದಕ್ಕೊಂದು ಅಧ್ಯಾಯ ಸೇರಿತು. ಈ ಎರಡನೆಯ ಉತ್ತರದ ಬುಡವೇ ತಪ್ಪಾಗಿದೆ ಎಂಬುದು ನನ್ನ ವಾದದ ಮೊದಲ ಭಾಗ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಟ್ಟ. ಏನೂ ಅರಿಯದ ಗಿರಾಕಿಗೂ, ಮಗುವಿಗೂ ಅವನು ಎಲ್ಲರಿಗೆ ಹೇಳುವ ಬೆಲೆಯನ್ನೇ ಹೇಳುತ್ತಾನೆ. ಕಾರಣ ಇಷ್ಟೆ: ಹಾಗೆ ಮಾಡಿದರೆ ಅಂಗಡಿಗೆ ಒಳ್ಳೆಯ ಹೆಸರು, ಹೆಸರಿದ್ದರೆ ವ್ಯಾಪಾರ. ಅವನ ನಡೆ ಧರ್ಮಕ್ಕೆ ಹೊಂದುತ್ತದೆ, ಧರ್ಮದಿಂದ ಹುಟ್ಟಿದ್ದಲ್ಲ ಎಂದು ಕಾಂಟ್ ವಾದಿಸಿದ. ಇದನ್ನು ಓದಿದವರು ಗಿರಾಕಿಗೆ ಸರಿಯಾದ ಬೆಲೆ ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ಕೇಳಬಹುದು. ಅಂಗಡಿಯ ಮಟ್ಟಿಗೆ ಆ ಪ್ರಶ್ನೆಯಲ್ಲಿ ಹುರುಳಿದೆ, ಏಕೆಂದರೆ ಮೋಸವಾದರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಬ್ಯಾಂಕಿನಲ್ಲಿ ಹಾಗಿಲ್ಲ. ಇಂದು ಕೊಟ್ಟ ಕೆಟ್ಟ ಸಾಲ ಕೆಟ್ಟದ್ದೆಂದು ತಿಳಿಯುವುದು ಐದು, ಹತ್ತು ವರ್ಷದ ನಂತರ. ಅಷ್ಟರಲ್ಲಿ ಅದನ್ನು ಕೊಟ್ಟವನು ಹತ್ತು ಬೋನಸ್ಸು ಪಡೆದು ಬೇರೆ ಕಡೆ ಹೋಗಿರುತ್ತಾನೆ, ಇಲ್ಲವೆ ಬಿರುದು ಪಡೆದಿರುತ್ತಾನೆ. ಫ್ರೆಡ್ ಗುಡ್ವಿನ್‌ಗೆ ಬ್ಯಾಂಕಿಂಗ್ ಸೇವೆಗಾಗಿ ನೈಟ್ ಪದವಿ ಸಿಕ್ಕಿದ್ದು 2004ರಲ್ಲಿ. ಅದನ್ನು ಹಿಂದಕ್ಕೆ ಪಡೆದದ್ದು 2012ರಲ್ಲಿ. ಈ ಎರಡು ವರ್ಷಗಳ ನಡುವಿನ ಅಂತರದಲ್ಲಿ ಒಳ್ಳೆಯ ಹೆಸರೂ ಕೆಟ್ಟ ಕೆಲಸವೂ ಒಂದೇ ಮನೆಯಲ್ಲಿ ಸುಖವಾಗಿ ಬಾಳಿದವು. ಪ್ಲೇಟೋ ಹೇಳಿದ ಗೈಗಿಸ್‌ನ ಉಂಗುರ ತೊಟ್ಟವನನ್ನು ಕಣ್ಣಿಗೆ ಕಾಣದಂತೆ ಮಾಡುತ್ತಿತ್ತು. ಹತ್ತು ವರ್ಷದ ವಿಳಂಬ ಅದೇ ಕೆಲಸ ಮಾಡುತ್ತದೆ.

ಇದು ತತ್ತ್ವದ ಮಾತು ಮಾತ್ರ ಎನ್ನುವವರು ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕನ್ನು ನೋಡಬೇಕು. 2008ರ ಬಿರುಗಾಳಿಯಲ್ಲಿ ಅಲುಗಾಡದೆ ನಿಂತು, ಮುಳುಗುತ್ತಿದ್ದ ವಾಕೋವಿಯಾ ಬ್ಯಾಂಕನ್ನು ಕೊಂಡುಕೊಂಡು, ವಾಲ್ ಸ್ಟ್ರೀಟಿನ ಜೂಜುಕೋರರಿಗಿಂತ ತಾನು ಬೇರೆ ಎಂಬ ಹೆಸರನ್ನು ಅದು ಗಳಿಸಿತ್ತು. ಪ್ರತಿ ಗ್ರಾಹಕನಿಗೆ ಎಂಟು ಸೇವೆಗಳನ್ನು ಮಾರಬೇಕೆಂಬ ಗುರಿಯನ್ನು ಅದರ ಮುಖ್ಯಸ್ಥರು ಘೋಷಣೆಯಾಗಿಸಿದ್ದರು. ಗುರಿ ಮುಟ್ಟದಿದ್ದರೆ ಕೆಲಸ ಉಳಿಯದೆಂಬ ಭಯದಲ್ಲಿ ಶಾಖೆಗಳ ನೌಕರರು ಗ್ರಾಹಕರಿಗೆ ತಿಳಿಸದೆ ಅವರ ಹೆಸರಿನಲ್ಲಿ ಖಾತೆ ತೆರೆದರು, ಕ್ರೆಡಿಟ್ ಕಾರ್ಡು ಮಾಡಿಸಿದರು. 2016ರ ಸೆಪ್ಟೆಂಬರ್‌ನಲ್ಲಿ ಇದು ಬಯಲಾದಾಗ ಅಂಥ ಖಾತೆಗಳು ಸುಮಾರು 20 ಲಕ್ಷ ಎಂದು ಲೆಕ್ಕ ಹಾಕಲಾಯಿತು. ಮರುವರ್ಷ ಆ ಲೆಕ್ಕ 35 ಲಕ್ಷಕ್ಕೆ ಏರಿತು. ಐದು ವರ್ಷಗಳಲ್ಲಿ ಸುಮಾರು 5,300 ನೌಕರರನ್ನು ಕೆಲಸದಿಂದ ತೆಗೆದಿದ್ದ ಬ್ಯಾಂಕು ಅದನ್ನು ಕೆಳಗಿನವರ ದುರ್ನಡತೆಯೆಂದೇ ಕಂಡಿತ್ತು. ಇಷ್ಟು ಜನ ಒಂದೇ ಬಗೆಯ ತಪ್ಪು ಮಾಡುತ್ತಿರುವಾಗ ತಪ್ಪು ಗುರಿಯಲ್ಲೇ ಇದೆ ಎಂದು ಮೇಲಿನವರಿಗೆ ತೋಚದೆ ಹೋದದ್ದು ಹೇಗೆ? ಒಳ್ಳೆಯ ಹೆಸರು ಇಲ್ಲಿ ಕಾವಲುಗಾರನ ಕೆಲಸ ಮಾಡಲಿಲ್ಲ. ಇಂಥ ಬ್ಯಾಂಕಿನಲ್ಲಿ ಹಾಗಾಗದು ಎಂಬ ನಂಬಿಕೆಯನ್ನು ಹುಟ್ಟಿಸಿ, ನೋಡಬೇಕಾದವರ ಕಣ್ಣಿಗೆ ಪರದೆ ಎಳೆಯಿತು.

ದಂಡಗಳ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಮನೆಸಾಲದ ಪತ್ರಗಳನ್ನು ಕಟ್ಟಿ ಮಾರಿದ ವ್ಯವಹಾರಕ್ಕಾಗಿ ಜೆಪಿ ಮಾರ್ಗನ್ 2013ರಲ್ಲಿ 1,300 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಬ್ಯಾಂಕ್ ಆಫ್ ಅಮೆರಿಕ ಮರುವರ್ಷ 1,665 ಕೋಟಿ ಡಾಲರಿಗೆ. ಬಡ್ಡಿದರದ ಲೈಬರ್ ಸೂಚಿಯನ್ನು ತಿರುಚಿದ್ದಕ್ಕೆ ಬಾರ್ಕ್ಲೇಸ್ 2012ರಲ್ಲಿ 29 ಕೋಟಿ ಪೌಂಡ್ ತೆತ್ತಿತು. ಮೊತ್ತಗಳು ದಂಗುಬಡಿಸುವಂತಿವೆ. ಆದರೆ ಬ್ಯಾಂಕಿನ ಬೊಕ್ಕಸದಿಂದ ಹೋದ ಹಣ ಷೇರುದಾರರದ್ದು, ಅವರಲ್ಲಿ ಎಷ್ಟೋ ಮಂದಿ ಪಿಂಚಣಿ ನಿಧಿಯ ಮೂಲಕ ಷೇರು ಹೊಂದಿದ ಸಾಮಾನ್ಯ ನೌಕರರು. ತಪ್ಪು ಮಾಡಿದವರ ಬದಲು ತಪ್ಪು ಮಾಡದವರು ದಂಡ ಕಟ್ಟಿದರು, ಹೆಸರು ತೊಳೆದುಕೊಂಡದ್ದು ಮಾತ್ರ ಸಂಸ್ಥೆ. ಪ್ರಾಯಶ್ಚಿತ್ತವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಬಹುದೆಂದು ಯಾವ ಧರ್ಮವೂ ಸುಲಭವಾಗಿ ಒಪ್ಪುವುದಿಲ್ಲ.

ಮಹಾಭಾರತದ ಸಭಾಪರ್ವದಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಹಿರಿಯರು ಉತ್ತರಿಸದೆ ಕುಳಿತಾಗ ವಿದುರ ಒಂದು ಹಳೆಯ ಪ್ರಸಂಗವನ್ನು ನೆನಪಿಸುತ್ತಾನೆ. ಕಶ್ಯಪನು ಪ್ರಹ್ಲಾದನಿಗೆ ಹೇಳಿದ ಮಾತು ಅದು. ಸಭೆಯೊಳಗೆ ಅಧರ್ಮ ನಡೆದು, ನಿಂದಿಸಬೇಕಾದ್ದನ್ನು ಯಾರೂ ನಿಂದಿಸದಿದ್ದರೆ ಪಾಪದಲ್ಲಿ ಅರ್ಧ ಸಭೆಯ ಮುಖ್ಯಸ್ಥನಿಗೆ, ಕಾಲು ಭಾಗ ಮಾಡಿದವನಿಗೆ, ಉಳಿದ ಕಾಲು ಸುಮ್ಮನೆ ಕುಳಿತ ಸಭಾಸದರಿಗೆ. ನಿಂದಿಸಬೇಕಾದವನನ್ನು ಸಭೆ ನಿಂದಿಸಿದರೆ ಮುಖ್ಯಸ್ಥ ನಿರ್ದೋಷಿ, ಸಭಾಸದರಿಗೆ ಬಿಡುಗಡೆ, ಪಾಪವೆಲ್ಲ ಮಾಡಿದವನಿಗೇ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲೂ ಇಂಥದೇ ಹಂಚಿಕೆ ಇದೆ. ಅಲ್ಲಿ ಮಾಡಿದವನಿಗೆ, ಸಾಕ್ಷಿಗೆ, ಸಭಾಸದರಿಗೆ, ರಾಜನಿಗೆ ಕಾಲುಕಾಲು ಪಾಲು. ಈ ಗಣಿತವನ್ನು ಅಕ್ಷರಶಃ ಜಾರಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಅದರೊಳಗಿನ ಎರಡು ವಿಚಾರಗಳು ಮಾತ್ರ ಇಂದಿನ ಯಾವ ನಿಯಂತ್ರಣ ಸಂಹಿತೆಗಿಂತಲೂ ಸ್ಪಷ್ಟವಾಗಿವೆ. ಪಾಲುಗಳನ್ನೆಲ್ಲ ಕೂಡಿದರೆ ಪಾಪ ಪೂರ್ತಿ ಒಂದಾಗುತ್ತದೆ, ಹಂಚಿದ್ದರಿಂದ ಯಾವುದೂ ಸೋರಿಹೋಗುವುದಿಲ್ಲ. ಬ್ಯಾಂಕುಗಳ ಲೆಕ್ಕದಲ್ಲಿ ಎಲ್ಲರ ಪಾಲು ಕೂಡಿದರೂ ಬಂದದ್ದು ಸೊನ್ನೆ. ಎರಡನೆಯ ವಿಚಾರ ಇನ್ನೂ ಆಳವಾದದ್ದು: ಕಾಲದಲ್ಲಿ ಆಡಿದ ನಿಂದೆ ಸಭೆಯನ್ನು ಉಳಿಸುತ್ತದೆ, ಮೌನ ಪಾಪವನ್ನು ಎಲ್ಲರ ಮೇಲೂ ಹರಡುತ್ತದೆ. ಮುಖ್ಯಸ್ಥನ ಪಾಲು ಕೈಯಾರೆ ಮಾಡಿದವನ ಪಾಲಿಗಿಂತ ದೊಡ್ಡದಾಗಿರುವುದು ಅವನಿಗೆ ಆ ಮಾತನ್ನು ಆಡುವ, ಆಡಿಸುವ ಅಧಿಕಾರ ಇತ್ತೆಂಬ ಕಾರಣಕ್ಕೆ.

ಎಚ್‌ಬಿಒಎಸ್ ಪತನದ ನಂತರ ಆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2012ರಲ್ಲಿ ಲೈಬರ್ ಹಗರಣದ ಬೆನ್ನಿಗೆ ಆಂಡ್ರ್ಯೂ ಟೈರಿ ಅವರ ಅಧ್ಯಕ್ಷತೆಯಲ್ಲಿ ಬ್ರಿಟಿಷ್ ಸಂಸತ್ತು ಬ್ಯಾಂಕಿಂಗ್ ಮಾನದಂಡಗಳ ಆಯೋಗವನ್ನು ನೇಮಿಸಿತು. ಮರುವರ್ಷ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಜಸ್ಟಿನ್ ವೆಲ್ಬಿ ಅದರ ಸದಸ್ಯರಲ್ಲಿ ಒಬ್ಬರು. ಧರ್ಮಗುರುವೊಬ್ಬರು ಬ್ಯಾಂಕುಗಳ ತನಿಖೆಗೆ ಕುಳಿತದ್ದು ಆ ಕಾಲ ಈ ಪ್ರಶ್ನೆಯನ್ನು ಹೇಗೆ ಕಂಡಿತ್ತು ಎಂಬುದನ್ನು ತೋರಿಸುತ್ತದೆ. 2013ರ ಏಪ್ರಿಲ್‌ನಲ್ಲಿ ಆಯೋಗ ಎಚ್‌ಬಿಒಎಸ್ ಕುರಿತು ವರದಿ ಕೊಟ್ಟಾಗ ಆ ಪತನಕ್ಕಾಗಿ ವೈಯಕ್ತಿಕವಾಗಿ ಶಿಕ್ಷೆಗೊಳಗಾಗಿದ್ದವರು ಒಬ್ಬರೇ, ಕಾರ್ಪೊರೇಟ್ ಸಾಲದ ವಿಭಾಗ ನೋಡುತ್ತಿದ್ದ ಪೀಟರ್ ಕಮಿಂಗ್ಸ್. ಅವರಿಗೆ 5 ಲಕ್ಷ ಪೌಂಡ್ ದಂಡ, ಜೊತೆಗೆ ಉದ್ಯಮದಿಂದ ನಿಷೇಧ. ಅವರ ಮೇಲೆ ಇದ್ದವರಿಗೆ ಏನೂ ಆಗಿರಲಿಲ್ಲ. ವರದಿಯ ನಂತರ ಹಳೆಯ ಮುಖ್ಯಸ್ಥ ಜೇಮ್ಸ್ ಕ್ರಾಸ್ಬಿ ತಮ್ಮ ನೈಟ್ ಪದವಿಯನ್ನು ಹಿಂದಕ್ಕೆ ಪಡೆಯುವಂತೆ ತಾವೇ ಕೇಳಿಕೊಂಡರು, ಪಿಂಚಣಿಯ ಶೇ. 30ರಷ್ಟನ್ನು ಬಿಟ್ಟುಕೊಟ್ಟರು. ಕಾನೂನು ಹೇಳದ್ದನ್ನು ಅವರು ಮಾಡಿದರು, ಅದಕ್ಕೆ ಗೌರವ ಸಲ್ಲಬೇಕು. ಆದರೆ ಹೊಣೆಯನ್ನು ಹೊರುವುದೋ ಬಿಡುವುದೋ ಎಂಬುದು ಹೊಣೆಗಾರನ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಸ್ಕಾಟ್ಲೆಂಡಿನಲ್ಲಿ 1878ರಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುರಿದುಬಿದ್ದಾಗ ಕಥೆ ಬೇರೆಯಿತ್ತು: ಲೆಕ್ಕಪತ್ರ ತಿರುಚಿದ ನಿರ್ದೇಶಕರು ಮರುವರ್ಷವೇ ಸೆರೆಮನೆ ಸೇರಿದರು. ಅಪರಿಮಿತ ಹೊಣೆಯ ಕಾಲದ ಆ ಷೇರುದಾರರು ಮನೆಮಠ ಕಳೆದುಕೊಂಡದ್ದು ಕ್ರೌರ್ಯವೇ, ಆ ಕಾಲ ಮರಳಿ ಬರಬೇಕಿಲ್ಲ. ನೂರಮೂವತ್ತು ವರ್ಷದಲ್ಲಿ ಆ ಕ್ರೌರ್ಯವನ್ನು ತೆಗೆಯುವಾಗ ಹೊಣೆಯೂ ಅದರ ಜೊತೆಗೆ ಹೊರಟುಹೋಯಿತಲ್ಲ, ನನ್ನ ಆತಂಕ ಅದು.

ಆಯೋಗದ ಶಿಫಾರಸಿನಿಂದ ಹುಟ್ಟಿ 2016ರ ಮಾರ್ಚ್ 7ರಂದು ಜಾರಿಗೆ ಬಂದ ಹಿರಿಯ ವ್ಯವಸ್ಥಾಪಕರ ನಿಯಮ ಹೊರಗಿನಿಂದ ನೋಡಿದರೆ ಇನ್ನೊಂದು ಕಾಗದದ ಕೆಲಸ. ಪ್ರತಿ ಬ್ಯಾಂಕು ತನ್ನ ಹಿರಿಯ ಅಧಿಕಾರಿಗಳಲ್ಲಿ ಯಾರು ಯಾವುದಕ್ಕೆ ಹೊಣೆ ಎಂದು ಮೊದಲೇ ಬರೆದು ನಿಯಂತ್ರಕರಿಗೆ ಕೊಡಬೇಕು. ಇಡೀ ಬ್ಯಾಂಕಿನ ಹೊಣೆಗಾರಿಕೆಯ ನಕ್ಷೆಯೊಂದಿರಬೇಕು, ಅದರಲ್ಲಿ ಯಾರದೂ ಅಲ್ಲದ ಜಾಗ ಉಳಿಯಬಾರದು. ತನ್ನ ವ್ಯಾಪ್ತಿಯಲ್ಲಿ ನಿಯಮಭಂಗವಾದಾಗ ಅದನ್ನು ತಡೆಯಲು ತಕ್ಕ ಕ್ರಮ ಕೈಗೊಂಡಿರಲಿಲ್ಲವೆಂದು ಸಾಬೀತಾದರೆ ಆ ಅಧಿಕಾರಿ ಉತ್ತರಿಸಬೇಕು. ಹಿರಿಯರ ಬೋನಸ್ಸಿನ ಪಾಲನ್ನು ಏಳು ವರ್ಷದವರೆಗೆ ತಡೆಹಿಡಿಯುವ, ಕೊಟ್ಟದ್ದನ್ನು ಹತ್ತು ವರ್ಷದವರೆಗೂ ಹಿಂದಕ್ಕೆ ಕೇಳುವ ನಿಯಮಗಳೂ ಅದೇ ಕಾಲದಲ್ಲಿ ಬಂದವು. ಬ್ಯಾಂಕು ಬೀಳಿಸಿದ ಹೊಣೆಗೇಡಿ ನಿರ್ಧಾರಕ್ಕೆ ಏಳು ವರ್ಷದವರೆಗೆ ಸೆರೆವಾಸದ ಕಲಮು 2013ರ ಕಾಯಿದೆಯಲ್ಲೇ ಸೇರಿತ್ತು. ಇವುಗಳಲ್ಲಿ ನನಗೆ ಮಹತ್ವದ್ದೆನಿಸುವುದು ಸೆರೆಮನೆಯ ಕಲಮಲ್ಲ, ಹೆಸರು ಬರೆಯಬೇಕೆಂಬ ಸಣ್ಣ ನಿಯಮ. ಕೇಡಾದ ಮೇಲೆ ಹೊಣೆಗಾರರನ್ನು ಹುಡುಕುವುದು ಒಂದು ಬಗೆ. ಕೇಡಿಗೆ ಮೊದಲೇ ಇದು ನನ್ನದು ಎಂದು ಒಬ್ಬ ಮನುಷ್ಯ ಸಹಿ ಹಾಕುವುದು ಪೂರ್ತಿ ಬೇರೆ ಬಗೆ. ಸಹಿ ಹಾಕಿದವನು ಮುಂದಿನ ಸಭೆಯಲ್ಲಿ ಬೇರೆ ಪ್ರಶ್ನೆಗಳನ್ನು ಕೇಳುತ್ತಾನೆ, ಕೇಳದಿದ್ದರೆ ಯಾಕೆ ಕೇಳಲಿಲ್ಲವೆಂದು ಆಮೇಲೆ ಅವನನ್ನೇ ಕೇಳಬಹುದು. ವಿದುರ ಹೇಳಿದ ಆ ನಿಂದೆಯ ಮಾತು ಸಭೆಯಲ್ಲಿ ಏಳಲು ಬೇಕಾದ ಜಾಗವನ್ನು ಈ ನಿಯಮ ಮಾಡಿಕೊಡುತ್ತದೆ.

ಇದಕ್ಕೆ ಮೊದಲ ಆಕ್ಷೇಪ, ಇಷ್ಟು ದೊಡ್ಡ ಕುಸಿತವನ್ನು ಯಾರೂ ಕಾಣುವಂತಿರಲಿಲ್ಲ ಎಂಬುದು. ಮುಂಗಾಣಲಾಗದ್ದಕ್ಕೆ ಹೊಣೆ ಹೊರಿಸುವುದು ದುರದೃಷ್ಟಕ್ಕೆ ಶಿಕ್ಷೆ ಕೊಟ್ಟಂತೆ. ಅದೇ ಸಾಲಗಳು ಹಿಂತಿರುಗಿ ಬಂದಿದ್ದರೆ ಅದೇ ಜನರನ್ನು ನಾವು ದೂರದರ್ಶಿಗಳೆಂದು ಹೊಗಳುತ್ತಿದ್ದೆವು. ಈ ಆಕ್ಷೇಪದಲ್ಲಿ ನಿಜವಿದೆ. ಹಾಗಾಗಿಯೇ ತೂಗಬೇಕಾದ್ದು ಫಲವನ್ನಲ್ಲ, ನಿರ್ಧಾರ ಕೈಗೊಂಡಾಗಿನ ಎಚ್ಚರವನ್ನು. ಎಚ್ಚರಿಸಿದವರು ಇರಲಿಲ್ಲ ಎಂಬುದು ಮಾತ್ರ ನಿಜವಲ್ಲ. ಎಚ್‌ಬಿಒಎಸ್‌ನಲ್ಲಿ ನಿಯಂತ್ರಣ ಅಪಾಯದ ಮುಖ್ಯಸ್ಥರಾಗಿದ್ದ ಪಾಲ್ ಮೂರ್, ಬ್ಯಾಂಕು ಅತಿವೇಗದಲ್ಲಿ ಬೆಳೆಯುತ್ತಿದೆಯೆಂದು ತಾವು ಹೇಳಿದ್ದಾಗಿಯೂ ಆಮೇಲೆ ತಮ್ಮನ್ನು ಕೆಲಸದಿಂದ ತೆಗೆದದ್ದಾಗಿಯೂ ಖಜಾನೆ ಸಮಿತಿಗೆ ತಿಳಿಸಿದರು. ಅವರನ್ನು ತೆಗೆದ ಕಾರಣ ಅದಲ್ಲ ಎಂದು ಬ್ಯಾಂಕಿನವರು ಹೇಳಿದರು. ಕಾರಣದ ಬಗ್ಗೆ ವಾದವಿರಲಿ, ಮಾತು ಸಭೆಗೆ ಬಂದಿತ್ತು. ಐಸ್‌ಲ್ಯಾಂಡಿನ ಅನುಭವವೂ ಇಲ್ಲಿ ಉಪಯುಕ್ತ. ಅಲ್ಲಿನ ಮೂರು ದೊಡ್ಡ ಬ್ಯಾಂಕುಗಳು 2008ರ ಅಕ್ಟೋಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ನೆಲಕಚ್ಚಿದವು. ಸಂಸತ್ತು ನೇಮಿಸಿದ ತನಿಖಾ ಆಯೋಗ 2010ರ ಏಪ್ರಿಲ್‌ನಲ್ಲಿ ಕೊಟ್ಟ ಬೃಹತ್ ವರದಿಯಲ್ಲಿ ನೀತಿಶಾಸ್ತ್ರದ ದೃಷ್ಟಿಯಿಂದ ಬರೆದ ಭಾಗವೊಂದಿದೆ, ಅದನ್ನು ಸಿದ್ಧಪಡಿಸಿದ ತಂಡದ ನೇತೃತ್ವ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರದು. ರೇಕ್ಯಾವಿಕ್ ನಗರದ ರಂಗಮಂದಿರದಲ್ಲಿ ನಟರು ಸರದಿಯ ಮೇಲೆ ಹಗಲಿರುಳೂ ಆ ವರದಿಯನ್ನು ಗಟ್ಟಿಯಾಗಿ ಓದಿದರು. ಕೌಪ್‌ಥಿಂಗ್ ಬ್ಯಾಂಕಿನ ಮಾಜಿ ಮುಖ್ಯಸ್ಥರಿಗೆ ವಿಧಿಸಿದ್ದ ಸೆರೆವಾಸವನ್ನು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ದೊಡ್ಡ ವ್ಯವಸ್ಥೆಯ ಕುಸಿತದಲ್ಲಿ ವ್ಯಕ್ತಿಗಳ ಪಾತ್ರವನ್ನು ಬೇರ್ಪಡಿಸಿ ನೋಡಲಾಗದು ಎಂಬ ಮಾತಿಗೆ ಆ ಪುಟ್ಟ ದೇಶ ಉತ್ತರವಾಗಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹೆಸರು ಬೇಕೆಂದು ಹಟ ಹಿಡಿದರೆ ವ್ಯವಸ್ಥೆ ಯಾರೋ ಒಬ್ಬನನ್ನು ಹರಕೆಯ ಕುರಿ ಮಾಡುತ್ತದೆ, ಉಳಿದವರೆಲ್ಲ ಅವನ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಲೈಬರ್ ಪ್ರಕರಣದಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಟಾಮ್ ಹೇಯ್ಸ್ ಎಂಬ ವಹಿವಾಟುದಾರನಿಗೆ 2015ರಲ್ಲಿ 14 ವರ್ಷಗಳ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು 11ಕ್ಕೆ ಇಳಿಯಿತು. ವರ್ಷಗಟ್ಟಲೆ ಸೆರೆಯಲ್ಲಿದ್ದು ಹೊರಬಂದ ಮೇಲೆ, 2025ರ ಜುಲೈನಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟು ಜ್ಯೂರಿಗೆ ಕೊಟ್ಟ ನಿರ್ದೇಶನವೇ ತಪ್ಪಾಗಿತ್ತೆಂದು ಆ ತೀರ್ಪನ್ನು ರದ್ದುಮಾಡಿತು. ಒಬ್ಬ ಮನುಷ್ಯನ ಬಾಳಿನ ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು. ಸಾರ್ವಜನಿಕ ಸಿಟ್ಟು ಬಲಿ ಕೇಳುವಾಗ ನ್ಯಾಯ ಎಷ್ಟು ಸುಲಭವಾಗಿ ಎಡವುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಇದರಿಂದ ಹೊರಡುವ ಪಾಠ ಹೆಸರುಗಳನ್ನು ಅಳಿಸಬೇಕೆಂಬುದಲ್ಲ. ಹೆಸರು ಮೊದಲೇ ಬರೆದಿರದ ಕಡೆಯಲ್ಲೇ ಆಮೇಲೆ ಕೈಗೆ ಸಿಕ್ಕವನ ಹೆಸರು ಬರೆಯಲಾಗುತ್ತದೆ, ಕೈಗೆ ಸಿಗುವವನು ಸಾಮಾನ್ಯವಾಗಿ ಕೆಳಗಿನವನೇ. ವೆಲ್ಸ್ ಫಾರ್ಗೋದ ಆ 5,300 ನೌಕರರ ಗತಿಯೂ ಇದೇ ಅಲ್ಲವೆ? ವಿದುರನ ಹಂಚಿಕೆಯಲ್ಲಿ ಮುಖ್ಯಸ್ಥನಿಗೆ ಬಿಡುಗಡೆ ಸಿಗುವುದು ಕೇಡು ನಡೆಯುತ್ತಿರುವಾಗಲೇ ಸಭೆ ನಿಂದಿಸಿದರೆ ಮಾತ್ರ. ಎಲ್ಲ ಮುಗಿದ ಮೇಲೆ, ತನಿಖೆಯವರು ಬಾಗಿಲು ತಟ್ಟಿದ ಮೇಲೆ, ಕೆಳಗಿನವರತ್ತ ಬೆರಳು ತೋರುವವನಿಗೆ ಆ ಶ್ಲೋಕದಲ್ಲಿ ಆಸರೆಯಿಲ್ಲ.

ನಿಯಮದಿಂದ ಆತ್ಮಸಾಕ್ಷಿ ಹುಟ್ಟುವುದಿಲ್ಲ ಎಂಬುದು ಮೂರನೆಯ ಆಕ್ಷೇಪ, ತತ್ತ್ವದ ದೃಷ್ಟಿಯಿಂದ ಎಲ್ಲಕ್ಕಿಂತ ಬಲವಾದದ್ದು. ಕಾಂಟನ ಅಂಗಡಿಯವನು ಹೆಸರಿಗೆ ಅಂಜಿ ನೇರವಾಗಿದ್ದ, ಈ ಅಧಿಕಾರಿ ದಂಡಕ್ಕೆ ಅಂಜಿ ನೇರವಾಗಿರುತ್ತಾನೆ, ಗುಣದಲ್ಲಿ ವ್ಯತ್ಯಾಸವೇನು ಎಂದು ಕೇಳಬಹುದು. ಜೊತೆಗೆ ಅಂಜಿದವರು ಸಾಲ ಕೊಡಲು ಹಿಂಜರಿದರೆ ಊರಿಗೇ ನಷ್ಟ. ಬಾರ್ಕ್ಲೇಸ್ ಮುಖ್ಯಸ್ಥರಾಗಿದ್ದ ಜೆಸ್ ಸ್ಟಾಲಿ ಅನಾಮಧೇಯ ದೂರು ಬರೆದವರ ಗುರುತು ಪತ್ತೆಹಚ್ಚಲು ಯತ್ನಿಸಿದ್ದಕ್ಕೆ 2018ರಲ್ಲಿ 6,42,430 ಪೌಂಡ್ ದಂಡ ತೆತ್ತರೂ ಹುದ್ದೆಯಲ್ಲಿ ಮುಂದುವರಿದರು; ನಿಯಮದ ಬಿಸಿ ಎಷ್ಟರದು ಎಂಬ ಸಂದೇಹ ಅದರಿಂದ ಏಳುವುದು ಸಹಜ. ಕಾನೂನು ಒಳ್ಳೆಯ ಮನಸ್ಸನ್ನು ಕೊಡಲಾರದು, ಒಪ್ಪುತ್ತೇನೆ. ಅದು ಕೊಡಬಲ್ಲದ್ದು ಒಳ್ಳೆಯ ಮನಸ್ಸು ಕೆಲಸ ಮಾಡಲು ಬೇಕಾದ ನೆಲವನ್ನು. ಆತ್ಮಸಾಕ್ಷಿ ಯಾವಾಗಲೂ ಒಬ್ಬ ವ್ಯಕ್ತಿಯದು, ಸಮಿತಿಗೆ ಆತ್ಮಸಾಕ್ಷಿ ಇರುವುದಿಲ್ಲ. ಯಾವ ನಿರ್ಧಾರ ತನ್ನದು ಎಂದೇ ತಿಳಿಯದ ಮನುಷ್ಯನ ಆತ್ಮಸಾಕ್ಷಿ ಎಷ್ಟೇ ಚುರುಕಾಗಿದ್ದರೂ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಸಂಕಟದ ಕಾಲದ ಬ್ಯಾಂಕುಗಳಲ್ಲಿ ದುಷ್ಟರಿಗಿಂತ ಇಂಥವರೇ ಹೆಚ್ಚಿದ್ದರೆಂದು ನಾನು ನಂಬುತ್ತೇನೆ: ಮನೆಯಲ್ಲಿ ಸಜ್ಜನರು, ಕಚೇರಿಯಲ್ಲಿ ಹೊಣೆಯ ಗಡಿ ಕಾಣದವರು. ದಂಡಕ್ಕಂಜಿ ನಡೆಯುವವನಿಗೂ ಹೆಸರಿಗಂಜಿ ನಡೆಯುವವನಿಗೂ ಇರುವ ಭೇದ ಇಲ್ಲೇ ಇದೆ. ಹೆಸರಿಗಂಜುವವನು ಜನರಿಗೆ ಏನು ಕಾಣುತ್ತದೆ ಎಂದು ಕೇಳಿಕೊಳ್ಳುತ್ತಾನೆ. ತನ್ನ ಹೊಣೆಗೆ ಸಹಿ ಹಾಕಿದವನು ತನ್ನ ವಿಭಾಗದಲ್ಲಿ ಏನು ನಡೆಯುತ್ತಿದೆ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಎರಡನೆಯ ಪ್ರಶ್ನೆಯ ದಾರಿಯಲ್ಲಿ ಠೇವಣಿದಾರ ಸಿಗುತ್ತಾನೆ.

ಲಂಡನ್ನಿನಲ್ಲಿ ಏನಾದರೆ ನಮಗೇನು ಎನ್ನುವ ಹಾಗಿಲ್ಲ. ಜಿ-20 ದೇಶಗಳ ಹಣಕಾಸು ಸ್ಥಿರತೆ ಮಂಡಳಿಯ ಸಂಬಳ-ಬೋನಸ್ ತತ್ತ್ವಗಳನ್ನು ರಿಸರ್ವ್ ಬ್ಯಾಂಕು 2012ರಲ್ಲಿ ಇಲ್ಲಿನ ಖಾಸಗಿ ಬ್ಯಾಂಕುಗಳಿಗೂ ಅನ್ವಯಿಸಿತು, 2019ರಲ್ಲಿ ಬಿಗಿಗೊಳಿಸಿತು. ಸಹಕಾರಿ ಬ್ಯಾಂಕುಗಳ ವಿಷಯದಲ್ಲಿ ಮಾತ್ರ ಹೊಣೆ ಬಹುಕಾಲ ರಿಸರ್ವ್ ಬ್ಯಾಂಕು ಮತ್ತು ಸಹಕಾರ ಸಂಘಗಳ ನಿಬಂಧಕರು ಎಂಬ ಎರಡು ಕಚೇರಿಗಳ ನಡುವೆ ತೂಗಾಡುತ್ತಿತ್ತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರಿ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ಹಿಂತೆಗೆಯುವಂತಿಲ್ಲ ಎಂಬ ಆದೇಶ ಬಂದಾಗ, ನಿವೃತ್ತಿಯ ಹಣವನ್ನು ಅಲ್ಲಿಟ್ಟಿದ್ದ ಹಿರಿಯರಿಗೆ ಯಾರನ್ನು ಕೇಳಬೇಕೆಂಬುದೇ ಮೊದಲ ಸಂಕಟವಾಯಿತು. ಮುಂದಿನ ತಿಂಗಳು ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು, ಅದೇ ವರ್ಷ ಕಾನೂನು ತಿದ್ದಿ ರಿಸರ್ವ್ ಬ್ಯಾಂಕಿಗೆ ಸಹಕಾರಿ ಬ್ಯಾಂಕುಗಳ ಮೇಲೆ ಹೆಚ್ಚಿನ ಅಧಿಕಾರ ಕೊಡಲಾಯಿತು. ಸಾಲ ಮಂಜೂರು ಮಾಡುವ ಮೇಜಿನ ಮುಂದೆ ಯಾರ ಹೆಸರಿದೆ ಎಂದು ಠೇವಣಿದಾರ ಕೇಳಿದರೆ ಉತ್ತರಿಸಬಲ್ಲ ಪಟ್ಟಿ ಇನ್ನೂ ಬರಬೇಕಿದೆ.

2023ರ ಮಾರ್ಚ್‌ನಲ್ಲಿ, 1856ರಿಂದ ನಡೆದುಬಂದಿದ್ದ ಕ್ರೆಡಿಟ್ ಸ್ವಿಸ್ ಕುಸಿಯುವ ಅಂಚಿನಲ್ಲಿ ಯುಬಿಎಸ್ ಬ್ಯಾಂಕಿನ ತೆಕ್ಕೆಗೆ ಸೇರುವುದು ನಿಶ್ಚಯವಾಯಿತು. ವರ್ಷಗಳಿಂದ ಹಗರಣದ ಮೇಲೆ ಹಗರಣ ಕಂಡಿದ್ದ ಬ್ಯಾಂಕು ಅದು. ಆ ಡಿಸೆಂಬರ್‌ನಲ್ಲಿ ಸ್ವಿಸ್ ನಿಯಂತ್ರಣ ಸಂಸ್ಥೆ ತನ್ನ ವರದಿಯಲ್ಲಿ ಕೇಳಿದ ಅಧಿಕಾರಗಳಲ್ಲಿ ಹಿರಿಯ ವ್ಯವಸ್ಥಾಪಕರ ಹೊಣೆಯನ್ನು ಹೆಸರಿಸಿ ಬರೆಸುವ ಕಾನೂನೂ ಒಂದು. 2025ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರವೂ ಅಲ್ಲಿನ ನಿಯಂತ್ರಕರೂ ಇದೇ ನಿಯಮದ ಹೊರೆಯನ್ನು ಇಳಿಸುವ ಪ್ರಸ್ತಾಪಗಳನ್ನು ಮುಂದಿಟ್ಟರು. ಒಂದು ದೇಶ ಬರೆಯಲು ಹೊರಟ ಪುಟವನ್ನು ಅದನ್ನು ಮೊದಲು ಬರೆದ ದೇಶ ತೆಳುವಾಗಿಸಲು ಹೊರಟಿದೆ. ಆ ಪ್ರಸ್ತಾಪಗಳಲ್ಲಿ ನ್ಯಾಯವಾದವೂ ಇವೆ. ನೇಮಕಕ್ಕೆ ಒಪ್ಪಿಗೆ ಸಿಗಲು ತಿಂಗಳುಗಟ್ಟಲೆ ಕಾಯಬೇಕಾದರೆ ಯಾವ ಸಂಸ್ಥೆಗೂ ಕಷ್ಟ, ಅರ್ಜಿ ನಮೂನೆಗಳು ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ. ಅಷ್ಟು ಆಗಲಿ. ಆದರೆ ಹೊಣೆಗಾರಿಕೆಯ ನಕ್ಷೆಯಲ್ಲಿ ಸಾಲದ ವಿಭಾಗದ ಮುಂದೆ ಒಬ್ಬ ಮನುಷ್ಯನ ಹೆಸರು ಇದ್ದ ಕಡೆ ಯಾವುದೋ ಸಮಿತಿಯ ಹೆಸರನ್ನು ಬರೆಯಲು ಅವಕಾಶ ಕೊಡುವ ತಿದ್ದುಪಡಿ ಯಾವತ್ತಾದರೂ ಬಂದರೆ, ನಾರ್ದರ್ನ್ ರಾಕ್ ಶಾಖೆಗಳ ಮುಂದೆ ಸಾಲಿನಲ್ಲಿ ನಿಂತಿದ್ದವರ ಪರವಾಗಿ ಅದನ್ನು ವಿರೋಧಿಸಬೇಕಾಗುತ್ತದೆ.